ಬೆಳಗಾವಿಯ ಹಳ್ಳಿಗಳಲ್ಲಿ ವೈದ್ಯಕೀಯ ಸಂಶೋಧನೆ ಹೇಗೆ ನಡೆಯುತ್ತದೆ?

ಹೆರಿಗೆಯಾದ ಮೇಲೆ ತಾಯಿಗೆ ಎಷ್ಟು ರಕ್ತ ಹೋಯಿತು ಎಂದು ಕಣ್ಣಲ್ಲಿ ನೋಡಿ ಹೇಳುವುದು ತುಂಬ ಕಷ್ಟ. ಸ್ವಲ್ಪ ರಕ್ತವನ್ನು ಹಾಸಿದ ಬಟ್ಟೆ ಹೀರಿಕೊಂಡಿರುತ್ತದೆ. ಸ್ವಲ್ಪ ನೆಲಕ್ಕೆ ಹೋಗಿರುತ್ತದೆ. ಉಳಿದದ್ದರಲ್ಲಿ ಗರ್ಭದ ನೀರೂ ಬೆರೆತಿರುತ್ತದೆ. ಅನುಭವ ಇರುವ ಡಾಕ್ಟರು, ನರ್ಸುಗಳೂ ಇಲ್ಲಿ ತಪ್ಪುತ್ತಾರೆ. ಅದೂ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆಯೇ ಹೇಳುತ್ತಾರೆ. ಈ ಅಂದಾಜು ತಪ್ಪಿದರೆ ಜೀವಕ್ಕೇ ಅಪಾಯ. 500 ಮಿಲಿಲೀಟರ್ ದಾಟಿದರೆ ವೈದ್ಯರು ಅದನ್ನು ಹೆರಿಗೆ ನಂತರದ ಅತಿ ರಕ್ತಸ್ರಾವ ಎಂದು ಲೆಕ್ಕ ಹಾಕುತ್ತಾರೆ. 1000 ದಾಟಿದರೆ ಪರಿಸ್ಥಿತಿ ಗಂಭೀರ.

ಇದಕ್ಕೆ ಬೆಳಗಾವಿಯಲ್ಲಿ ಒಂದು ಸರಳ ಉಪಾಯ ಬಳಕೆಗೆ ಬಂತು. ಅದೊಂದು ಪ್ಲಾಸ್ಟಿಕ್ ಹಾಳೆ. ಮಗು ಹೊರಬಂದು ಗರ್ಭದ ನೀರು ಹೋದ ಮೇಲೆ ಅದನ್ನು ತಾಯಿಯ ಕೆಳಗೆ ಹಾಸಿ, ಅದರ ಪಟ್ಟಿಯನ್ನು ಹೊಟ್ಟೆಯ ಸುತ್ತ ಕಟ್ಟುತ್ತಾರೆ. ಹಾಳೆಯ ಕೆಳಭಾಗ ಕಿರಿದಾಗುತ್ತ ಹೋಗಿ ಚೀಲದಂತಾಗುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳಿರುತ್ತವೆ. ರಕ್ತ ಅಲ್ಲಿ ಬಂದು ನಿಲ್ಲುತ್ತದೆ. ಎಷ್ಟು ಎಂದು ಗೆರೆ ನೋಡಿ ಹೇಳಬಹುದು, ಅಷ್ಟೆ. ಬೆಳಗಾವಿಯ ಜಿಲ್ಲಾಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಕಣ್ಣಂದಾಜನ್ನೂ ಈ ಚೀಲದ ಅಳತೆಯನ್ನೂ ಹೋಲಿಸಿ ನೋಡಿದರು. ಕಣ್ಣಂದಾಜು ಶೇ 33ರಷ್ಟು ಕಡಿಮೆ ಬಂತು. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು.

ಇಂಥ ಕೆಲಸ ಬೆಳಗಾವಿಯಲ್ಲಿ ಹೇಗೆ ಸಾಧ್ಯವಾಯಿತು? ಊರಿನ ಮೆಡಿಕಲ್ ಕಾಲೇಜು, ಅಮೆರಿಕದ ವಿಶ್ವವಿದ್ಯಾಲಯ, ಸರ್ಕಾರಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಹಳ್ಳಿಯ ಎಎನ್‌ಎಂ (ಹೆರಿಗೆ ಮಾಡಿಸಲು ತರಬೇತಿ ಪಡೆದ ಸರ್ಕಾರಿ ಆರೋಗ್ಯ ಕಾರ್ಯಕರ್ತೆ) ಇವರೆಲ್ಲ ಒಂದೇ ಕೆಲಸಕ್ಕೆ ಹೇಗೆ ಸೇರುತ್ತಾರೆ? ಅದರಿಂದ ಹಳ್ಳಿಗೆ ಏನು ಸಿಗುತ್ತದೆ? "ನಮ್ಮವರ ಮೇಲೆ ಪ್ರಯೋಗ ಮಾಡ್ತಾರೆ" ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ, ಅಲ್ವಾ? ಆ ಭಯಕ್ಕೆ ಕಾರಣವೂ ಇದೆ. ಹಾಗಾಗಿ ವ್ಯವಸ್ಥೆ ಹೇಗಿದೆ ಎಂದು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಸಂಶೋಧನೆ ನಿಂತಿರುವುದು ಮನೆಮನೆಗೆ ಹೋಗುವ ಹೆಣ್ಣುಮಕ್ಕಳ ಮೇಲಿನ ನಂಬಿಕೆಯ ಮೇಲೆ. ಲ್ಯಾಬು, ಯಂತ್ರ, ದುಡ್ಡು ಎಲ್ಲ ಆಮೇಲೆ. ಆ ನಂಬಿಕೆಯನ್ನು ಕಾಪಾಡಿಕೊಳ್ಳುವ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಗುತ್ತಿಲ್ಲ.

ಬೆಳಗಾವಿಯ ಕೆಎಲ್‌ಇ ಸಂಸ್ಥೆ 1916ರಲ್ಲಿ ಶಾಲೆ ಕಟ್ಟಲು ಹುಟ್ಟಿದ್ದು. ಅದರ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು 1963ರಲ್ಲಿ ಶುರುವಾಯಿತು. ಜನ ಅದನ್ನು ಜೆಎನ್‌ಎಂಸಿ ಎನ್ನುತ್ತಾರೆ. 2006ರಲ್ಲಿ ಕೆಎಲ್‌ಇ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಕಾಲೇಜು ಇರುವುದು ನಗರದಲ್ಲಿ. ಆದರೆ ಅದರ ಹೆಸರು ಹೊರಗೆ ಹಬ್ಬಿದ್ದು ಸುತ್ತಲಿನ ಹಳ್ಳಿಗಳಲ್ಲಿ ಮಾಡಿದ ಕೆಲಸದಿಂದ. ಕಿಣಯೆ, ವಂಟಮೂರಿ, ಹಂದಿಗನೂರಿನಂಥ ಊರುಗಳ ಆರೋಗ್ಯ ಕೇಂದ್ರಗಳು ಇಲ್ಲಿನ ವಿದ್ಯಾರ್ಥಿಗಳ ಕಲಿಕೆಯ ಜಾಗಗಳೂ ಹೌದು.

2001ರ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ತಾಯಂದಿರು ಮತ್ತು ಮಕ್ಕಳ ಆರೋಗ್ಯಕ್ಕಾಗಿ 'ಗ್ಲೋಬಲ್ ನೆಟ್‌ವರ್ಕ್' ಎಂಬ ಜಾಲ ಕಟ್ಟಿತು. ಗೇಟ್ಸ್ ಫೌಂಡೇಶನ್ನಿನ ನೆರವೂ ಇತ್ತು. ಈ ಜಾಲದ ನಿಯಮ ಸರಳ. ಪ್ರತಿ ಜಾಗಕ್ಕೆ ಇಬ್ಬರು ಮುಖ್ಯ ಸಂಶೋಧಕರು ಇರಬೇಕು. ಒಬ್ಬರು ಅಮೆರಿಕದ ವಿಶ್ವವಿದ್ಯಾಲಯದವರು, ಇನ್ನೊಬ್ಬರು ಅದೇ ಊರಿನವರು. ಬೆಳಗಾವಿಗೆ ಅಮೆರಿಕದ ಕಡೆಯಿಂದ ಜೊತೆಯಾದವರು ಡಾ. ರಿಚರ್ಡ್ ಡರ್ಮನ್. ಇಲ್ಲಿಂದ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ್ ಗೌಡರ ಮತ್ತು ಅವರ ಸಹೋದ್ಯೋಗಿಗಳು. ಅಂಕಿಅಂಶ ನೋಡಿಕೊಳ್ಳಲು ಅಮೆರಿಕದ ಆರ್‌ಟಿಐ ಇಂಟರ್‌ನ್ಯಾಷನಲ್ ಎಂಬ ಮೂರನೆಯ ಸಂಸ್ಥೆ.

ಈ ಮೂರನೆಯವರು ಯಾಕೆ ಬೇಕು? ಚಿಕಿತ್ಸೆ ಕೊಡುವವರೇ ಲೆಕ್ಕವನ್ನೂ ಮಾಡಿದರೆ, ಗೊತ್ತಿಲ್ಲದೆಯೇ ತಮಗೆ ಬೇಕಾದ ಉತ್ತರದ ಕಡೆ ವಾಲಬಹುದು. ಅದಕ್ಕೇ ಯಾರಿಗೆ ಯಾವ ಮಾತ್ರೆ ಹೋಯಿತು ಎಂಬ ಗುಟ್ಟು ಬೇರೆ ಕಡೆ ಇರುತ್ತದೆ. ಇವರೆಲ್ಲರ ಮೇಲೆ ಇನ್ನೊಂದು ಸ್ವತಂತ್ರ ಸಮಿತಿ ಇರುತ್ತದೆ. ಅದು ಅಧ್ಯಯನದ ಮಧ್ಯದಲ್ಲೇ ಅಂಕಿ ನೋಡುತ್ತದೆ. ಒಂದು ಗುಂಪಿಗೆ ತೊಂದರೆ ಆಗುತ್ತಿದೆ ಅಥವಾ ಒಂದು ಔಷಧಿಯಿಂದ ಲಾಭ ಸ್ಪಷ್ಟವಾಗಿ ಕಾಣುತ್ತಿದೆ ಎಂದರೆ ಅಲ್ಲೇ ನಿಲ್ಲಿಸಿ ಎನ್ನಬಹುದು.

ಈಗ ಬೆಳಗಾವಿಯ ಮೊದಲ ದೊಡ್ಡ ಪ್ರಯೋಗಕ್ಕೆ ಬರೋಣ. ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ.

2002ರಲ್ಲಿ ಈ ಭಾಗದ ಹಳ್ಳಿಗಳಲ್ಲಿ ಮನೆ ಹೆರಿಗೆ ಸಾಮಾನ್ಯವಾಗಿತ್ತು. ಆಶಾ ಕಾರ್ಯಕರ್ತೆಯರ ಯೋಜನೆ ಇನ್ನೂ ಬಂದಿರಲಿಲ್ಲ, ಅದು ಬಂದದ್ದು 2005ರಲ್ಲಿ. ರಕ್ತಸ್ರಾವ ತಡೆಯಲು ಆಸ್ಪತ್ರೆಗಳಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಒಳ್ಳೆಯ ಔಷಧಿ. ಆದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಸೂಜಿ ಬೇಕು, ಸೂಜಿ ಹಾಕಲು ತರಬೇತಿ ಬೇಕು. ಕರೆಂಟು ಬಂದುಹೋಗುವ ಸಬ್‌ಸೆಂಟರ್‌ನಲ್ಲಿ ಫ್ರಿಜ್ಜನ್ನು ನಂಬಿ ಕೂರುವುದು ಹೇಗೆ? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಈ ತಾಪತ್ರಯ ಇಲ್ಲ. ನೀರಿನ ಜೊತೆ ನುಂಗಿದರೆ ಸಾಕು. ಗರ್ಭಕೋಶ ಬಿಗಿಯಾಗಿ ರಕ್ತ ನಿಲ್ಲುತ್ತದೆ. ಆದರೆ ಮನೆಯಲ್ಲಿ, ಎಎನ್‌ಎಂ ಕೈಯಲ್ಲಿ, ಅದು ನಿಜಕ್ಕೂ ಕೆಲಸ ಮಾಡುತ್ತದಾ? ಆಗ ಅದಕ್ಕೆ ಗಟ್ಟಿ ಪುರಾವೆ ಇರಲಿಲ್ಲ.

ಬೆಳಗಾವಿ ಜಿಲ್ಲೆಯ 4 ಪಿಎಚ್‌ಸಿಗಳ ವ್ಯಾಪ್ತಿಯಲ್ಲಿ ಪ್ರಯೋಗ ಶುರುವಾಯಿತು. 1,620 ಗರ್ಭಿಣಿಯರು ಒಪ್ಪಿದರು. ಅವರಲ್ಲಿ 812 ಜನರಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಜನರಿಗೆ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತಿತ್ತು. ಎಎನ್‌ಎಂಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ಹೆರಿಗೆ ಮಾಡಿಸಿದ್ದು, ಮಗು ಹುಟ್ಟಿದ ಕೂಡಲೇ ಮಾತ್ರೆ ಕೊಟ್ಟಿದ್ದು, ರಕ್ತ ಅಳೆದದ್ದು, ಎಲ್ಲವನ್ನೂ ಮಾಡಿದವರು 25 ಮಂದಿ ಎಎನ್‌ಎಂಗಳು. ದೊಡ್ಡ ಡಾಕ್ಟರು ಅಲ್ಲಿ ಇರಲಿಲ್ಲ. ಡಾಕ್ಟರು ಇಲ್ಲದ ಕಡೆ ಏನಾಗುತ್ತದೆ ಎಂಬುದೇ ಪ್ರಶ್ನೆಯಾಗಿತ್ತು. ಅಳತೆಗೆ ಬಳಸಿದ್ದು ಆಗಲೇ ಹೇಳಿದ ಪ್ಲಾಸ್ಟಿಕ್ ಚೀಲ.

ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಖಾಲಿ ಮಾತ್ರೆ ಪಡೆದವರಲ್ಲಿ ಶೇ 12 ಜನರಿಗೆ ಅತಿ ರಕ್ತಸ್ರಾವ ಆಗಿತ್ತು. ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು, ಹೆಚ್ಚುಕಡಿಮೆ ಅರ್ಧ. 1000 ಮಿಲಿಲೀಟರ್ ದಾಟುವ ಗಂಭೀರ ರಕ್ತಸ್ರಾವ ಶೇ 1.2ರಿಂದ ಶೇ 0.2ಕ್ಕೆ ಬಂತು. ಬೇರೆ ರೀತಿ ಹೇಳುವುದಾದರೆ, 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಆಗಬಹುದಾದ ಅತಿ ರಕ್ತಸ್ರಾವ ತಪ್ಪುತ್ತದೆ. ಮಾತ್ರೆ ಪಡೆದ ಸುಮಾರು ಅರ್ಧದಷ್ಟು ಜನರಿಗೆ ಚಳಿ, ಕೆಲವರಿಗೆ ಜ್ವರ ಬಂತು. ಅದು ತಾನಾಗಿ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ, ಆಕ್ಸಿಟೋಸಿನ್ ಸಿಗದ ಕಡೆ ರಕ್ತಸ್ರಾವ ತಡೆಯಲು, ಮಿಸೊಪ್ರೊಸ್ಟಾಲನ್ನು ಸೇರಿಸಿತು. ಆ ತೀರ್ಮಾನದ ಹಿಂದೆ ಹಲವು ದೇಶಗಳ ಅಧ್ಯಯನಗಳಿದ್ದವು. ಬೆಳಗಾವಿಯದು ಅವುಗಳಲ್ಲಿ ಮುಖ್ಯವಾದದ್ದು.

ಹಾಗಾದರೆ 808 ಜನರಿಗೆ ಖಾಲಿ ಮಾತ್ರೆ ಕೊಟ್ಟದ್ದು ಸರಿನಾ? ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಇದು. ಆಗಿನ ಅಲ್ಲಿನ ಮನೆ ಹೆರಿಗೆಗಳಲ್ಲಿ ಮುಂಜಾಗ್ರತೆಯಾಗಿ ಔಷಧಿ ಕೊಡುವ ರೂಢಿ ಇರಲಿಲ್ಲ. ಅಂದರೆ ಯಾರಿಂದಲೂ ಇದ್ದ ಔಷಧಿಯನ್ನು ಕಿತ್ತುಕೊಂಡಿರಲಿಲ್ಲ. ಹೆರಿಗೆಯ ಹೊತ್ತಿಗೆ ತರಬೇತಿ ಪಡೆದ ಎಎನ್‌ಎಂ ಪಕ್ಕದಲ್ಲೇ ಇರುತ್ತಿದ್ದರು. ರಕ್ತ ಅಳೆಯುತ್ತಿದ್ದರು. ಜಾಸ್ತಿಯಾದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡೂ ಇತ್ತು. ಈ ಸಮಾಧಾನ ನನಗೆ ಒಪ್ಪಿಗೆ, ಆದರೆ ಒಂದು ಷರತ್ತಿನ ಮೇಲೆ. ಮಾತ್ರೆ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ ಅದು ಅದೇ ಹಳ್ಳಿಗಳಿಗೆ ಬರಲೇಬೇಕು. "ರೂಢಿಯಲ್ಲಿ ಏನೂ ಇರಲಿಲ್ಲ" ಎಂಬುದು ಪ್ರಯೋಗ ಶುರು ಮಾಡಲು ಕಾರಣ ಆಗಬಹುದು. ಪ್ರಯೋಗ ಮುಗಿದ ಮೇಲೂ ಏನೂ ಇಲ್ಲದೆ ಬಿಡಲು ಕಾರಣ ಆಗಬಾರದು.

ಅಳತೆ ಚೀಲದ ಮುಂದಿನ ಪಯಣ ಇನ್ನೂ ದೊಡ್ಡದು. 2023ರಲ್ಲಿ 'ಇ-ಮೋಟಿವ್' ಎಂಬ ಅಧ್ಯಯನದ ವರದಿ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳು, 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಇದೇ ಬಗೆಯ ಅಳತೆ ಚೀಲದಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಒಂದೊಂದೇ ಚಿಕಿತ್ಸೆಗೆ ಕಾಯದೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು. ಗಂಭೀರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಆಪರೇಷನ್, ಸಾವು ಈ ಮೂರೂ ಸೇರಿದ ಲೆಕ್ಕ ಶೇ 4.3 ಇದ್ದದ್ದು ಶೇ 1.6ಕ್ಕೆ ಇಳಿಯಿತು. ಒಂದು ಊರಿನ ತೊಂದರೆಗೆ ಕಂಡುಕೊಂಡ ಉಪಾಯ ಇನ್ನೊಂದು ಖಂಡದ ತಾಯಂದಿರಿಗೂ ಉಪಯೋಗಕ್ಕೆ ಬಂತಲ್ಲ, ಆ ಸಂತೋಷ ದೊಡ್ಡದು.

ಸಂಶೋಧನೆ ಎಂದರೆ ಹೊಸ ಔಷಧಿ ಮಾತ್ರ ಎಂದು ಹಲವರು ಅಂದುಕೊಂಡಿದ್ದಾರೆ. ಇದರಲ್ಲಿ ಬಹುಪಾಲು ಕೆಲಸ ಎಣಿಸುವುದು. ಗ್ಲೋಬಲ್ ನೆಟ್‌ವರ್ಕ್‌ನ ಊರುಗಳಲ್ಲಿ 2008ರ ಹೊತ್ತಿಗೆ ತಾಯಿ ಮತ್ತು ನವಜಾತ ಶಿಶುಗಳ ಒಂದು ನೋಂದಣಿ ಶುರುವಾಯಿತು. ಗೊತ್ತಾದ ಪ್ರತಿ ಗರ್ಭಿಣಿಯ ಹೆಸರು ಬರೆದುಕೊಳ್ಳಬೇಕು. ಹೆರಿಗೆ ಏನಾಯಿತು ಎಂದು ಬರೆಯಬೇಕು. ಹೆರಿಗೆಯಾಗಿ 42 ದಿನ ಆದ ಮೇಲೆ ತಾಯಿ, ಮಗು ಹೇಗಿದ್ದಾರೆ ಎಂದು ಮತ್ತೆ ಹೋಗಿ ನೋಡಬೇಕು. ಹೇಳುವುದಕ್ಕೆ ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಕುಬುಸ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಬಾಣಂತನ ಮುಗಿಸಿ ತಿಂಗಳುಗಟ್ಟಲೆ ಆದ ಮೇಲೆ ಅವಳು ಗಂಡನ ಮನೆಗೆ ಬರುತ್ತಾಳೆ. ಗಂಡನ ಊರಿನಲ್ಲಿ ಹೆಸರು ಬರೆಸಿದವಳ ತವರು ಬೇರೆ ತಾಲ್ಲೂಕಿನಲ್ಲಿ ಇರಬಹುದು. ಬೆಳಗಾವಿಯಂಥ ಗಡಿ ಜಿಲ್ಲೆಯಲ್ಲಿ ತವರು ಮಹಾರಾಷ್ಟ್ರದಲ್ಲೋ ಗೋವಾದಲ್ಲೋ ಇದ್ದರೂ ಆಶ್ಚರ್ಯ ಇಲ್ಲ. ಅಲ್ಲಿ ಆದ ಹೆರಿಗೆ ಇಲ್ಲಿನ ಪುಸ್ತಕಕ್ಕೆ ಹೇಗೆ ಬರಬೇಕು? ಯಾರೋ ಅತ್ತೆಯನ್ನು ಕೇಳಿ, ತವರಿನ ಫೋನ್ ನಂಬರ್ ಪಡೆದು, ಅಲ್ಲಿನ ಆಶಾ ಅಕ್ಕನನ್ನು ಹುಡುಕಿ, ವಿಚಾರಿಸಬೇಕು. ಮಗು ಉಳಿಯಲಿಲ್ಲ ಎಂದಾದರೆ ಆ ಮಾತನ್ನು ಫೋನಿನಲ್ಲಿ ಕೇಳಲು ಬಾಯಿ ಬರುವುದಿಲ್ಲ. ಮನೆಗೇ ಹೋಗಿ, ಅವರ ಜೊತೆ ಕೂತು, ಸಮಾಧಾನದಿಂದ ಕೇಳಬೇಕು. ಪತ್ರಿಕೆಯಲ್ಲಿ ಒಂದು ಅಂಕಿಯಾಗಿ ಕಾಣುವ ಪ್ರತಿ ಸಾವಿನ ಹಿಂದೆ ಇಂಥದ್ದೊಂದು ಭೇಟಿ ಇರುತ್ತದೆ.

ಎಣಿಸುವುದರಿಂದ ಏನು ಪ್ರಯೋಜನ ಎಂದರೆ, ಇಲ್ಲೊಂದು ಉದಾಹರಣೆ ಇದೆ. ಭಾರತವೂ ಸೇರಿದ ಹಾಗೆ 6 ದೇಶಗಳ 96 ಸಮುದಾಯಗಳಲ್ಲಿ ಹೆರಿಗೆ ಮಾಡಿಸುವವರಿಗೆ, ಸೂಲಗಿತ್ತಿಯರಿಗೂ ಸಹ, ಆಗತಾನೆ ಹುಟ್ಟಿದ ಮಗುವಿನ ಆರೈಕೆಯ ತರಬೇತಿ ಕೊಟ್ಟರು. ಉಸಿರಾಡದ ಮಗುವನ್ನು ಒರೆಸುವುದು, ಬೆನ್ನು ಉಜ್ಜುವುದು, ಬೇಕಿದ್ದರೆ ಮಾಸ್ಕ್ ಇಟ್ಟು ಗಾಳಿ ಕೊಡುವುದು. 2010ರಲ್ಲಿ ಬಂದ ವರದಿ ಪ್ರಕಾರ ಮೊದಲ 7 ದಿನಗಳ ಶಿಶು ಮರಣ ಇಳಿಯಲಿಲ್ಲ. ಆದರೆ 'ಹುಟ್ಟುವಾಗಲೇ ಸತ್ತಿತ್ತು' ಎಂದು ಬರೆದ ಮಕ್ಕಳ ಸಂಖ್ಯೆ ಸಾವಿರಕ್ಕೆ 23ರಿಂದ 15.9ಕ್ಕೆ ಇಳಿಯಿತು. ಇದರ ಅರ್ಥ ಏನು? ಮೊದಲು ಸತ್ತೇ ಹುಟ್ಟಿದವು ಎಂದು ಪಕ್ಕಕ್ಕೆ ಇಟ್ಟ ಕೆಲವು ಮಕ್ಕಳಲ್ಲಿ ಜೀವ ಇತ್ತು. ಸ್ವಲ್ಪ ಸಹಾಯ ಸಿಕ್ಕಿದ್ದರೆ ಉಸಿರಾಡುತ್ತಿದ್ದವು. ಇದನ್ನು ಓದಿದಾಗ ಎದೆ ಭಾರವಾಗುತ್ತದೆ. ಜೊತೆಗೆ, ಕೆಲವು ದಿನಗಳ ತರಬೇತಿ ಎಷ್ಟು ಬದಲಾಯಿಸಬಲ್ಲದು ಎಂದೂ ಗೊತ್ತಾಗುತ್ತದೆ.

ಎಲ್ಲ ಪ್ರಯೋಗವೂ ಸಿಹಿ ಸುದ್ದಿ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ ಬಂದದ್ದು ಒಂದು ಕೆಟ್ಟ ಫಲಿತಾಂಶದಿಂದ. ದಿನ ತುಂಬುವ ಮುಂಚೆ ಹೆರಿಗೆ ಆಗುವ ಸೂಚನೆ ಇದ್ದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಇದರಿಂದ ಅಸಂಖ್ಯ ಮಕ್ಕಳು ಉಳಿದಿದ್ದಾರೆ. ಹಾಗಾದರೆ ಹಳ್ಳಿಯಲ್ಲೂ ಕೊಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಬೆಳಗಾವಿ ಮತ್ತು ನಾಗಪುರ ಸೇರಿ 6 ದೇಶಗಳ 7 ಜಾಗಗಳಲ್ಲಿ, ಸುಮಾರು 1 ಲಕ್ಷ ಹೆರಿಗೆಗಳಲ್ಲಿ, ಇದನ್ನು ಪರೀಕ್ಷಿಸಿದರು. ಇಲ್ಲಿ ಚೀಟಿ ಎತ್ತಿದ್ದು ಒಬ್ಬೊಬ್ಬ ತಾಯಿಗೆ ಅಲ್ಲ, ಇಡೀ ಪ್ರದೇಶಕ್ಕೆ. ಕೆಲವು ಪ್ರದೇಶಗಳಲ್ಲಿ ಆರೋಗ್ಯ ಸಿಬ್ಬಂದಿಗೆ ತರಬೇತಿ, ಇಂಜೆಕ್ಷನ್ ಕಿಟ್. ಉಳಿದ ಕಡೆ ಎಂದಿನಂತೆ.

2015ರಲ್ಲಿ ಉತ್ತರ ಬಂತು. ತೀರ ಕಡಿಮೆ ತೂಕದ ಚಿಕ್ಕ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟಾರೆ ನೋಡಿದರೆ, ಇಂಜೆಕ್ಷನ್ ಕೊಟ್ಟ ಪ್ರದೇಶಗಳಲ್ಲಿ ಸಾವಿರ ಮಕ್ಕಳಿಗೆ 3.5ರಷ್ಟು ಹೆಚ್ಚು ಸಾವುಗಳಾಗಿದ್ದವು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಜಾಸ್ತಿ ಇತ್ತು. ಯಾಕೆ ಹೀಗಾಯಿತು? ಅಲ್ಟ್ರಾಸೌಂಡ್ ಇಲ್ಲದ ಕಡೆ ಎಷ್ಟು ವಾರ ಆಗಿದೆ ಎಂದು ಖಚಿತವಾಗಿ ಹೇಳುವುದು ಕಷ್ಟ. ಇಂಜೆಕ್ಷನ್ ಪಡೆದ ತಾಯಂದಿರಲ್ಲಿ ಹೆಚ್ಚಿನವರು ಆಮೇಲೆ ಹೆತ್ತದ್ದು ತೀರ ಚಿಕ್ಕ ಮಗುವನ್ನೇನಲ್ಲ. ಅಂದರೆ ಅವರಿಗೆ ಅದು ಬೇಕಿರಲಿಲ್ಲ. ಇಂಜೆಕ್ಷನ್ ಪಡೆದು ಹುಟ್ಟಿದ ಪುಟ್ಟ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಹಲವು ಕಡೆ ಇರಲಿಲ್ಲ.

ಈ ಪ್ರಯೋಗ ಮಾಡದೆ, ಸುಮ್ನೆ ಸರ್ಕಾರಿ ಆದೇಶ ಹೊರಡಿಸಿ ಎಲ್ಲ ಹಳ್ಳಿಗಳಿಗೂ ಇಂಜೆಕ್ಷನ್ ಹಂಚಿದ್ದರೆ ಏನಾಗುತ್ತಿತ್ತು? ಯಾರೂ ಎಣಿಸುತ್ತಿರಲಿಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇರೆ ದೇಶದಲ್ಲಿ ಗೆದ್ದ ಚಿಕಿತ್ಸೆ ನಮ್ಮ ಊರಿನಲ್ಲೂ ಗೆಲ್ಲುತ್ತದೆ ಎಂದು ಸುಮ್ಮನೆ ಅಂದುಕೊಳ್ಳುವ ಹಾಗಿಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇದೇ ಪ್ರಶ್ನೆಯನ್ನು ಬೇರೆ ರೀತಿ ಕೇಳಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳು, 2,852 ತಾಯಂದಿರು. ಬೆಳಗಾವಿಯ ತಂಡ ಇಲ್ಲೂ ಇತ್ತು. ಈ ಸಲ ಅಲ್ಟ್ರಾಸೌಂಡ್ ಮಾಡಿ ವಾರ ಲೆಕ್ಕ ಹಾಕಿದ್ದರು. ನವಜಾತ ಶಿಶುಗಳ ಆರೈಕೆ ಇರುವ ಆಸ್ಪತ್ರೆಗಳನ್ನೇ ಆರಿಸಿದ್ದರು. 2020ರಲ್ಲಿ ಬಂದ ಉತ್ತರ ಸ್ಪಷ್ಟ. ಶಿಶು ಮರಣ ಶೇ 23.5ರಿಂದ ಶೇ 19.6ಕ್ಕೆ ಇಳಿದಿತ್ತು. ಅದೇ ಬಗೆಯ ಔಷಧಿ ಸರಿಯಾದ ಜಾಗದಲ್ಲಿ ಕೊಟ್ಟರೆ ಉಳಿಸುತ್ತದೆ. ಜಾಗ ತಪ್ಪಿದರೆ ತೊಂದರೆ ಮಾಡಬಹುದು.

ಈ ನಡುವೆ ಹಳ್ಳಿಯೂ ಬದಲಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಶೇ 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇ 97. ಮಿಸೊಪ್ರೊಸ್ಟಾಲ್ ಪ್ರಯೋಗದ ಕಾಲದ ಮನೆ ಹೆರಿಗೆ ಈಗ ಅಪರೂಪ. ಹಾಗಾಗಿ ಪ್ರಶ್ನೆಗಳೂ ಬದಲಾದವು. ಅವಧಿಗೆ ಮುಂಚಿನ ಹೆರಿಗೆ, ಸೋಂಕು, ರಕ್ತಹೀನತೆ ಈಗಿನ ಚಿಂತೆಗಳು. 2020ರಲ್ಲಿ ಪ್ರಕಟವಾದ ಆಸ್ಪಿರಿನ್ ಪ್ರಯೋಗದಲ್ಲಿ 6 ದೇಶಗಳ 11,976 ಚೊಚ್ಚಲ ಗರ್ಭಿಣಿಯರಿದ್ದರು. ಆರಂಭದ ವಾರಗಳಿಂದಲೇ ದಿನಕ್ಕೆ 81 ಮಿಲಿಗ್ರಾಂನ ಒಂದು ಮಾತ್ರೆ. ಅವಧಿಗೆ ಮುಂಚಿನ ಹೆರಿಗೆ ಶೇ 13.1 ಇದ್ದದ್ದು ಶೇ 11.6 ಆಯಿತು. ಚೊಚ್ಚಲು ಎಂದರೆ ತವರು. ಹಾಗಾಗಿ ಮಾತ್ರೆಯ ಡಬ್ಬಿಯೂ ತವರಿಗೆ ಹೋಗಬೇಕು, ಅಲ್ಲೂ ಯಾರಾದರೂ ವಿಚಾರಿಸಬೇಕು. (ಇದನ್ನು ಓದಿ ಯಾರೂ ತಾವಾಗಿ ಆಸ್ಪಿರಿನ್ ನುಂಗಬೇಡಿ. ಯಾರಿಗೆ ಬೇಕು, ಎಷ್ಟು ಬೇಕು ಎಂದು ಡಾಕ್ಟರೇ ಹೇಳಬೇಕು.)

2023ರಲ್ಲಿ ಬಂದ ಅಜಿಥ್ರೊಮೈಸಿನ್ ಪ್ರಯೋಗ ಇನ್ನೂ ದೊಡ್ಡದು. 7 ದೇಶಗಳ 29,278 ಗರ್ಭಿಣಿಯರಿಗೆ ಹೆರಿಗೆ ನೋವಿನ ಹೊತ್ತಿಗೆ ಒಂದೇ ಸಲ 2 ಗ್ರಾಂ ಔಷಧಿ ಅಥವಾ ಖಾಲಿ ಮಾತ್ರೆ. ತಾಯಿಗೆ ನಂಜಾಗುವುದು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಬೇಗನೇ ನಿಲ್ಲಿಸಿದರು. ಮಕ್ಕಳಿಗೆ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಎಲ್ಲರಿಗೂ ಆಂಟಿಬಯಾಟಿಕ್ ಕೊಡುತ್ತ ಹೋದರೆ ಮುಂದೆ ಅದೇ ಔಷಧಿ ರೋಗಾಣುಗಳಿಗೆ ತಾಗದೆ ಹೋಗಬಹುದು ಎಂಬ ಚಿಂತೆಯೂ ಇದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇಷ್ಟೆಲ್ಲಕ್ಕೂ ಒಪ್ಪಿಗೆ ಪಡೆಯುವುದು ಹೇಗೆ? ವಿದೇಶಿ ದುಡ್ಡು ಅಥವಾ ಪಾಲುದಾರರು ಇರುವ ಆರೋಗ್ಯ ಸಂಶೋಧನೆಗೆ ಭಾರತದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿ ಬೇಕು. ಕಾಲೇಜಿನ ನೈತಿಕ ಸಮಿತಿ ಒಪ್ಪಬೇಕು. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಆ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು. ಕನಿಷ್ಠ ಅರ್ಧದಷ್ಟು ಜನ ಹೊರಗಿನವರಾಗಿರಬೇಕು. ಕಾನೂನು ಬಲ್ಲವರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ನಾಗರಿಕರು, ಒಬ್ಬ ಮಹಿಳೆಯಾದರೂ ಇರಲೇಬೇಕು. ಔಷಧಿ ಪ್ರಯೋಗವನ್ನು ಸಿಟಿಆರ್‌ಐ ಎಂಬ ಸಾರ್ವಜನಿಕ ನೋಂದಣಿಯಲ್ಲಿ ಮೊದಲೇ ದಾಖಲಿಸಬೇಕು. 2007ರಲ್ಲಿ ಶುರುವಾದ ಈ ನೋಂದಣಿ 2009ರಿಂದ ಕಡ್ಡಾಯ. ಕೆಟ್ಟ ಫಲಿತಾಂಶ ಬಂದರೆ ಮುಚ್ಚಿಡಲು ಆಗದಿರಲಿ ಎಂಬುದು ಇದರ ಒಂದು ಉದ್ದೇಶ.

ಕಾಗದದ ಮೇಲೆ ಇಷ್ಟು. ಜಗಲಿಯ ಮೇಲೆ ನಡೆಯುವುದು ಬೇರೆ. ಒಪ್ಪಿಗೆ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇರುತ್ತದೆ, ಬೆಳಗಾವಿಯಲ್ಲಿ ಎರಡೂ ಬೇಕು. ಓದು ಬಾರದವರಿಗೆ ಓದಿ ಹೇಳಬೇಕು. ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಜೊತೆಗಿರಬೇಕು. ಆಮೇಲೆ ಹೆಬ್ಬೆಟ್ಟು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು, "ಇದು ಎದಕ್ಕ ಬೇಕ್ರಿ? ನಮ್ಮ ಕಾಲದಾಗ ಯಾರೂ ಇದನ್ನೆಲ್ಲಾ ಬರಕೊಳ್ತಿರಲಿಲ್ಲ" ಎನ್ನಬಹುದು. ಗಂಡ ಹೊಲದಿಂದ ಬರಲಿ ಎಂದು ಕಾಯಬೇಕಾಗಬಹುದು. ನಿಯಮದ ಪ್ರಕಾರ ಸಹಿ ಗರ್ಭಿಣಿಯದು. ಆದರೆ ಮನೆಯವರನ್ನೆಲ್ಲ ಬಿಟ್ಟು ಅವಳೊಬ್ಬಳ ಸಹಿ ಹಾಕಿಸಿಕೊಂಡರೆ ನಾಳೆ ಆ ಮನೆಯ ಬಾಗಿಲು ತೆರೆಯುವುದಿಲ್ಲ. ಮನೆಯವರು ಹೇಳಿದರು ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದರೆ ಅದೂ ಒಪ್ಪಿಗೆ ಅಲ್ಲ. ಇದನ್ನು ನಿಭಾಯಿಸುವವರು ಆ ಊರನ್ನು ಬಲ್ಲವರೇ ಆಗಿರಬೇಕು. ಇನ್ನೊಂದು ಸೂಕ್ಷ್ಮ ಇದೆ. ಫಾರಂ ಹಿಡಿದು ಬರುವವರು ಪರಿಚಯದ ಆಶಾ ಅಥವಾ ಸಿಸ್ಟರ್ ಜೊತೆ ಬಂದರೆ "ಬೇಡ" ಎನ್ನಲು ಜನ ಹಿಂಜರಿಯುತ್ತಾರೆ. ನಾಳೆ ಇಂಜೆಕ್ಷನ್‌ಗೆ ಅವರ ಹತ್ತಿರವೇ ಹೋಗಬೇಕಲ್ಲ! ಒಪ್ಪದಿದ್ದರೂ ಸಿಗುವ ಸೇವೆಗೆ ಕುಂದಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು, ಹಾಗೇ ನಡೆದುಕೊಳ್ಳಬೇಕು.

ಇನ್ನು ಸಮುದಾಯದ ಜೊತೆಗಿನ ಒಡನಾಟ. ಅನೇಕ ಕಾಲೇಜುಗಳಲ್ಲಿ ಇದು ಎಂದರೆ ಕ್ಯಾಂಪು. ಶಾಮಿಯಾನ, ಬಿಪಿ, ಶುಗರ್ ಪರೀಕ್ಷೆ, ಒಂದು ವಾರದ ಮಾತ್ರೆ, ಗುಂಪು ಫೋಟೋ. ಬಿಪಿ ಇದೆ ಎಂದು ಹೇಳಿ ಹೋದವರು ಮತ್ತೆ ಆ ಊರಿಗೆ ಬರದಿದ್ದರೆ ಅದರಿಂದ ಲಾಭ ತೀರ ಕಡಿಮೆ. ಬಿಪಿಗೆ ಮಾತ್ರೆ ಬೇಕಿರುವುದು ವರ್ಷಾನುಗಟ್ಟಲೆ. 2022ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಕುಟುಂಬ ದತ್ತು ಕಾರ್ಯಕ್ರಮ ತಂದಿದೆ. ಎಂಬಿಬಿಎಸ್ ಸೇರಿದ ವಿದ್ಯಾರ್ಥಿಗೆ ಹಳ್ಳಿಯ ಕೆಲವು ಮನೆಗಳನ್ನು ವಹಿಸುತ್ತಾರೆ. ಅವರು ಮುಂದಿನ ವರ್ಷಗಳಲ್ಲೂ ಅದೇ ಮನೆಗಳಿಗೆ ಹೋಗುತ್ತಿರಬೇಕು. ಇದನ್ನು ಮನಸ್ಸಿಟ್ಟು ಮಾಡಿದರೆ ಒಂದು ಹಳ್ಳಿಗೂ ಒಬ್ಬ ಡಾಕ್ಟರಿಗೂ ತುಂಬ ಒಳ್ಳೆಯದಾಗುತ್ತದೆ. ಹಾಜರಿಗೆ ಸಹಿ ಹಾಕಿಸಿಕೊಳ್ಳಲು ಮಾಡಿದರೆ ಮತ್ತೊಂದು ಕ್ಯಾಂಪು ಆಗುತ್ತದೆ.

ದುಡ್ಡಿನ ವಿಚಾರವನ್ನೂ ಹೇಳಬೇಕು. ಹೊರಗಿನ ದುಡ್ಡು ಬಂದಾಗ ಪ್ರಶ್ನೆಯೂ ಹೊರಗಿನಿಂದಲೇ ಬರುವ ಅಪಾಯ ಇದೆ. ಆ ದುಡ್ಡು ನಿಂತರೆ ಕೆಲಸವೂ ನಿಲ್ಲಬಹುದು. 2025ರ ಮೇ ತಿಂಗಳಲ್ಲಿ ಎನ್‌ಐಎಚ್, ಅಮೆರಿಕದ ಸಂಸ್ಥೆಗಳ ಮೂಲಕ ವಿದೇಶಿ ಪಾಲುದಾರರಿಗೆ ಹೋಗುವ ಉಪ ಅನುದಾನವನ್ನು ಹೊಸ ವ್ಯವಸ್ಥೆ ಆಗುವ ತನಕ ಕೊಡುವುದಿಲ್ಲ ಎಂದು ಪ್ರಕಟಿಸಿತು. ವರ್ಷಗಟ್ಟಲೆ ತರಬೇತಿ ಪಡೆದ ಹಳ್ಳಿಯ ಕಾರ್ಯಕರ್ತೆಯರ ಕೆಲಸ ದೂರದ ರಾಜಧಾನಿಯ ಒಂದು ತೀರ್ಮಾನದ ಮೇಲೆ ನಿಲ್ಲಬಾರದು. ತಾಯಂದಿರ ನೋಂದಣಿಯಂಥ ಕೆಲಸವನ್ನು ರಾಜ್ಯ ಸರ್ಕಾರ ಮತ್ತು ಐಸಿಎಂಆರ್ ತಮ್ಮ ಖರ್ಚಿನಲ್ಲೇ ನಡೆಸಬೇಕು. ಅದು ನಮ್ಮ ಮಕ್ಕಳ ಲೆಕ್ಕ. ಫಲಿತಾಂಶವನ್ನೂ ಪಂಚಾಯಿತಿ ಕಟ್ಟೆಯಲ್ಲಿ, ಅವರ ಮಾತಿನಲ್ಲಿ, ಆ ಊರಿನವರಿಗೆ ಹೇಳುವ ಪದ್ಧತಿ ಬರಬೇಕು. ಲೇಖನ ಇಂಗ್ಲಿಷಿನಲ್ಲಿ ಪ್ರಕಟವಾದರೆ ಹೆಬ್ಬೆಟ್ಟು ಒತ್ತಿದ ತಾಯಿಗೆ ಉತ್ತರ ಸಿಕ್ಕ ಹಾಗಾಗುವುದಿಲ್ಲ.

ನಿಮ್ಮ ಮನೆಗೇ ಯಾರಾದರೂ ಇಂಥ ಅಧ್ಯಯನಕ್ಕೆ ಕೇಳಿಕೊಂಡು ಬಂದರೆ ಹೆದರಿ ಬಾಗಿಲು ಹಾಕಬೇಡಿ. ಹಾಗಂತ ತಕ್ಷಣ ಸಹಿಯನ್ನೂ ಹಾಕಬೇಡಿ. ಒಂದು ದಿನ ಟೈಮ್ ಕೇಳಿ. ಯಾವ ಕಾಲೇಜು, ಯಾರ ದುಡ್ಡು, ಸಿಟಿಆರ್‌ಐ ನಂಬರ್ ಏನು ಎಂದು ಕೇಳಿ. ಆ ನಂಬರ್ ಹಾಕಿದರೆ ಮೊಬೈಲಿನಲ್ಲೇ ವಿವರ ಕಾಣುತ್ತದೆ. ಸೇರದಿದ್ದರೆ ಏನು ಚಿಕಿತ್ಸೆ ಸಿಗುತ್ತಿತ್ತು, ಸೇರಿದರೆ ಏನು ವ್ಯತ್ಯಾಸ ಎಂದು ಬಿಡಿಸಿ ಹೇಳಲು ಹೇಳಿ. ಮಧ್ಯದಲ್ಲಿ ಬೇಡ ಅನಿಸಿದರೆ ಕಾರಣ ಕೊಡದೆ ಹೊರಬರುವ ಹಕ್ಕು ನಿಮಗಿದೆ. ಔಷಧಿ ಪ್ರಯೋಗದಿಂದ ತೊಂದರೆ ಆದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ 2019ರ ನಿಯಮಗಳಲ್ಲಿವೆ. ಮಾಹಿತಿ ಪತ್ರದ ಕೊನೆಗೆ ನೈತಿಕ ಸಮಿತಿಯ ಫೋನ್ ನಂಬರ್ ಇರಬೇಕು, ಇದೆಯಾ ನೋಡಿಕೊಳ್ಳಿ. ಸಹಿ ಹಾಕಿದ ಮೇಲೆ ಆ ಪತ್ರದ ಒಂದು ಪ್ರತಿ ನಿಮ್ಮ ಹತ್ತಿರವೇ ಉಳಿಯಬೇಕು. ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ, ತವರಿಗೆ ಹೋಗುವಾಗಲೂ ಒಯ್ಯಿರಿ.